ಬೆಲ್ ಒತ್ತುವ ಮೊದಲು

ಅಕ್ಕೋರು ಯಾರ ಮನೆಗೆ ಹೋದರೂ ಬೆಲ್ ಮೇಲೆ ಬೆರಳಿಟ್ಟು, ಒತ್ತದೆ, ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದರು. ಕಿವಿ ಬಾಗಿಲ ಕಡೆ, ಕಣ್ಣು ನೆಲದ ಕಡೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ನನಗೆ ನಾಚಿಕೆಯಿಂದ ಮೈ ಮುದುಡುತ್ತಿತ್ತು. ಲಿಫ್ಟಿನಿಂದ ಇಳಿದವರು ಏನಂದುಕೊಂಡಾರು? ಒಮ್ಮೆ ಎದುರು ಮನೆಯ ಅಜ್ಜನೊಬ್ಬ ಜಾಲರಿ ಬಾಗಿಲ ಒಳಗಿಂದ, "ಕಿಸ್‌ಸೆ ಮಿಲ್ನಾ ಹೈ, ಬೆಹೆನ್‌ಜೀ?" ಎಂದು ಕೇಳಿದ. "ಮಿಲ್ನಾ ಬಾದ್ ಮೇ. ಅಭೀ ಸುನ್ ರಹೀ ಹೂಂ" ಎಂದರು ಅಕ್ಕೋರು, ಭೇಟಿ ಆಮೇಲೆ, ಈಗ ಬರೀ ಕೇಳಿಸಿಕೊಳ್ಳುತ್ತಿದ್ದೇನೆ ಎಂದು, ಏನೂ ಆಗದವರ ಹಾಗೆ. ಅಜ್ಜ ಗಾಬರಿಯಾಗಿ ಒಳಬಾಗಿಲನ್ನೂ ಹಾಕಿಕೊಂಡ.

ಕದ್ದು ಕೇಳುವ ಚಟ ಅಲ್ಲ ಅದು. ಒಳಗೆ ಏನು ಮಾತು ನಡೆದಿದೆ ಎನ್ನುವುದು ಅವರಿಗೆ ಬೇಕಿರಲಿಲ್ಲ, ನಡೆದಿದೆಯೋ ಇಲ್ಲವೋ ಎನ್ನುವುದಷ್ಟೇ ಬೇಕಿತ್ತು. ಆ ಮನೆಯ ಮಗು ಮುಂದಿನ ಜೂನಿಗೆ ನಮ್ಮ ಕ್ಲಾಸಿಗೆ ಬರುವುದಿರುತ್ತಿತ್ತು. ಒಳಗೆ ಅತ್ತೆ ಸೊಸೆಯನ್ನು ಬೈಯುವುದು ಕೇಳಿಸಿದರೂ ಅಕ್ಕೋರ ಮುಖ ಅರಳುತ್ತಿತ್ತು. "ಈ ಕೂಸಿನ ಕಾಳಜಿ ಇಲ್ಲ ತಗೀ. ಮನಿ ತುಂಬ ಮಾತ ಅದಾವ, ಅಕ್ಷರ ಬಂದು ಕೂಡಾಕ ಜಾಗಾ ಐತಿ" ಎನ್ನುತ್ತಿದ್ದರು. ಆಮೇಲೆ ಬೆಲ್ ಒತ್ತುತ್ತಿದ್ದರು.

ಘಾಟ್ಕೋಪರಿನ ಹಳೇ ಬಿಲ್ಡಿಂಗೊಂದರ ಗ್ರೌಂಡ್ ಫ್ಲೋರಿನಲ್ಲಿ ಅವರ ಮನೆ. ಮದುವೆಯಾಗಿ ಬೆಳಗಾವಿಯಿಂದ ಮುಂಬಯಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಹೊರಗಿನ ಹಾಲಿನಲ್ಲಿ ಚಿಕ್ಕ ಮಕ್ಕಳ ಕ್ಲಾಸು ಶುರು ಮಾಡಿದರು. ಪಾಲಕರಿಗೆಲ್ಲ ಅವರು ಟೀಚರ್. ನನಗೆ ಮಾತ್ರ ಅಕ್ಕೋರು, ಏಕೆಂದರೆ ನಮ್ಮ ವಿಜಯಪುರದ ಕಡೆ ಶಾಲೆ ಕಲಿಸುವ ಹೆಂಗಸನ್ನು ಹಾಗೇ ಕರೆಯುವುದು. ನಮ್ಮಪ್ಪ ಪರದೆ, ಸೋಫಾ ಕವರು ಹೊಲಿಯುವವರು. ಒಂದು ಸಲ ಅಕ್ಕೋರ ಮನೆಯ ಕಿಟಕಿ ಅಳತೆಗೆ ಹೋದಾಗ ನಾನೂ ಟೇಪು ಹಿಡಿದುಕೊಂಡು ಹೋಗಿದ್ದೆ. ಅಪ್ಪ ಕನ್ನಡ ಮಾತಾಡಿದ್ದು ಕೇಳಿ ಅವರು ಪರದೆ ಮರೆತು ಊರು ವಿಚಾರಿಸಿದರು, ಆಮೇಲೆ ನನ್ನನ್ನು ನೋಡಿ, "ಈ ಹುಡುಗಿ ನಾಳಿಂದ ನನ್ನ ಕಡೆ ಬರಲಿ" ಎಂದರು. ಮಕ್ಕಳ ಶೂ ಬಿಚ್ಚುವ, ಕೈ ತೊಳೆಸುವ ಕೆಲಸ. ಆ ಕ್ಲಾಸು ಈಗ ನನ್ನ ಕೈಯಲ್ಲಿದೆ. ಅಕ್ಕೋರು ಈ ಬೇಸಿಗೆಯಲ್ಲಿ ತೀರಿಕೊಂಡರು.

ಗಿಡ್ಡ ಆಳು. ಸೆರಗು ಸೊಂಟಕ್ಕೆ ಸಿಕ್ಕಿಸಿದರೆಂದರೆ ಮಧ್ಯಾಹ್ನದವರೆಗೆ ಅದು ಅಲ್ಲೇ. ಗಂಡು ಮಕ್ಕಳಿಗೆ ಸಾಹೇಬ್ರ, ಹೆಣ್ಣು ಮಕ್ಕಳಿಗೆ ಬಾಯಿಸಾಹೇಬ್ರ. "ಸಾಹೇಬ್ರ, ಮೂಗು ಒರಸ್ಕೋಳ್ರಿ" ಎಂದರೆ ಗುಜರಾತಿ ಹುಡುಗನಿಗೂ ತಿಳಿಯುತ್ತಿತ್ತು. ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು, ಯಾರ ಮನೆಯಲ್ಲಾದರೂ ಸರಿ. ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ, ನೀರಿಗೆ. ನಾನು ಪಾತ್ರೆ ತೊಳೆಯುತ್ತ ನಲ್ಲಿ ಹರಿಯಬಿಟ್ಟರೆ ಹಾಲಿನಿಂದಲೇ ಕೂಗುತ್ತಿದ್ದರು: "ಏನ್ ನಿಮ್ಮಪ್ಪನ ಮನಿ ಹೊಳಿ ಅಂತ ತಿಳದೀಯೇನ?" ಬೈಸಿಕೊಂಡು ಬೈಸಿಕೊಂಡು ಆ ಬುದ್ಧಿ ನನ್ನ ಕೈಗೇ ಬಂದುಬಿಟ್ಟಿತು. ಈಗ ಯಾರ ಮನೆಯಲ್ಲೇ ಇರಲಿ, ಹರಿಯುವ ನಲ್ಲಿ ಕಂಡರೆ ಮನಸ್ಸಿಗಿಂತ ಮೊದಲು ಕೈ ಹೋಗಿ ಬಂದ್ ಮಾಡಿರುತ್ತದೆ.

ಬಾಗಿಲ ಹೊರಗೆ ನಿಂತು ಕೇಳುವ ಅಭ್ಯಾಸ ಮಾತ್ರ ಅವರಿಗೆ ಮೊದಲಿಂದ ಇದ್ದದ್ದಲ್ಲ. ಅದು ಒಂದು ಮನೆಯಿಂದ ಬಂದದ್ದು. ಆ ಮನೆಯ ವಿಷಯ ಹೇಳದೆ ಅಕ್ಕೋರ ವಿಷಯ ಹೇಳಿದರೆ ಅದು ಶೋಕಸಭೆಯ ಭಾಷಣ ಆಗುತ್ತದೆ. ಆ ಭಾಷಣ ನಾನು ಮಾಡಿ ಮುಗಿಸಿದ್ದೇನೆ, ಮಾಡಿದ್ದಕ್ಕೆ ಇನ್ನೂ ಹಳಹಳಿ ಇದೆ.

ಸಮರ್ಥ ಎಂಬ ಹುಡುಗನ ಮನೆ ಅದು. ಅಪ್ಪನಿಗೆ ಅಂಧೇರಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರದ ನೌಕರಿ. ತಾಯಿ ಮದುವೆಯಾಗಿ ನೇರ ವಿಜಯಪುರದ ಹಳ್ಳಿಯಿಂದ ಬಂದವಳು, ನನಗಿಂತ ಸ್ವಲ್ಪವೇ ದೊಡ್ಡವಳು. ನಾವು ಮೊದಲ ಸಲ ಹೋದಾಗ ಬಾಗಿಲು ತೆರೆದೇ ಇತ್ತು. ತಾಯಿ ನೆಲದ ಮೇಲೆ ಕೂತು ಹೀರೇಕಾಯಿ ಹೆರೆಯುತ್ತಿದ್ದಳು, ಮಗ ಅವಳ ಬೆನ್ನಿಗೆ ಆತುಕೊಂಡಿದ್ದ. ಅವಳ ಬಾಯಿಗೆ ಬಿಡುವೇ ಇರಲಿಲ್ಲ. "ಇದರ ಸಿಪ್ಪಿ ಒಗೀಬಾರದಪಾ. ಯಾಕ ಒಗೀಬಾರದು? ಚಟ್ನಿ ಆಗ್ತೈತಿ. ಮೊದಲ ಏನ್ ಮಾಡೂನು? ಹುರಿಯೂನು. ಆಮ್ಯಾಲ?" ಮಗ "ಆಮ್ಯಾಲ ಶೇಂಗಾ" ಎನ್ನುತ್ತಿದ್ದ. ನಮ್ಮನ್ನು ನೋಡಿದವನೇ ಎದ್ದು ಬಂದು ಅಕ್ಕೋರ ಸೆರಗು ಹಿಡಿದು ಗ್ರಿಲ್ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಒಂದು ಪಾರಿವಾಳ ಕೂತಿತ್ತು. ಅದು ದಾದರಿನಿಂದ ಟಿಕೆಟ್ ಇಲ್ಲದೆ ಬಂದಿದೆಯಂತೆ, ಟೀಸಿ ಹಿಡಿಯಲು ಬಂದಾಗ ಹಾರಿತಂತೆ, ಅದರ ಅವ್ವ ಇನ್ನೂ ದಾದರಿನಲ್ಲೇ ಇದ್ದಾಳಂತೆ, ಫೋನು ಮಾಡಬೇಕಂತೆ. ಅಕ್ಕೋರು ಸೊಂಟ ಹಿಡಿದುಕೊಂಡು ನಕ್ಕರು.

ಚಹಾ ಬಂತು. ಅಷ್ಟರಲ್ಲಿ ಕೆಲಸದಿಂದ ಬಂದಿದ್ದ ಹುಡುಗನ ಅಪ್ಪ ದೊಡ್ಡ ಶಾಲೆಯ ಮಾತು ತೆಗೆದ. ಇಲ್ಲಿ ದೊಡ್ಡ ಶಾಲೆಗಳಲ್ಲಿ ಸೇರಿಸಿಕೊಳ್ಳುವ ಮೊದಲು ಮಗುವನ್ನು ಕರೆದು ಮಾತಾಡಿಸುತ್ತಾರೆ. ಪರೀಕ್ಷೆ ಅಂತ ಹೆಸರಿಲ್ಲ, ಆದರೆ ಬಣ್ಣ ಯಾವುದು, ಹಣ್ಣು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅಪ್ಪ ಅಮ್ಮ ಹೇಗೆ ಮಾತಾಡುತ್ತಾರೆ ಅಂತಲೂ ನೋಡುತ್ತಾರೆ. ಪಾಲಕರ ಅರ್ಧ ಆಯುಷ್ಯ ಆ ಹೆದರಿಕೆಯಲ್ಲೇ ಹೋಗುತ್ತದೆ. ಅಕ್ಕೋರು ಬಸಿಯಿಂದ ಬಾಯಿ ತೆಗೆಯದೆ, ಆ ಕಾಲಕ್ಕೆ ಎಲ್ಲ ಮನೆಯಲ್ಲೂ ಹೇಳುತ್ತಿದ್ದ ಮಾತನ್ನೇ ಹೇಳಿದರು: "ಮನ್ಯಾಗ ಇಂಗ್ಲಿಷ್ ಮಾತಾಡ್ರಿ."

"ನನಗ ಬರೂದಿಲ್ರಿ, ಟೀಚರ್" ಎಂದಳು ತಾಯಿ.

"ಬಂದಷ್ಟ ಮಾತಾಡ್ರಿ. ಬರದಿದ್ದಲ್ಲಿ ಸುಮ್ಮನಿರ್ರಿ. ಆದರ ಕಲಬೆರಕಿ ಬ್ಯಾಡ, ಕೂಸಿಗೆ ಗೊಂದಲ ಆಗ್ತೈತಿ."

ಅಷ್ಟೇ. ಆಮೇಲೆ ಚಹಾ ಚೆನ್ನಾಗಿದೆ ಎಂದರು, ಹೊರಟೆವು. ಅಕ್ಕೋರು ಕೆಟ್ಟವರಲ್ಲ. ಸುತ್ತಮುತ್ತ ಕ್ಲಾಸು ನಡೆಸುವವರೆಲ್ಲ ಹೇಳುತ್ತಿದ್ದ ಮಾತು ಅದು, ರಿಕ್ಷಾದವನು "ಚಿಲ್ಲರೆ ಕೊಡಿ" ಅಂದ ಹಾಗೆ ಬಾಯಿಪಾಠವಾಗಿ ಬರುತ್ತಿತ್ತು. ಬೇರೆ ಮನೆಯವರು ತಲೆ ಆಡಿಸಿ, ಟೀಚರ್ ಹೋದ ಮೇಲೆ ಮರೆತುಬಿಡುತ್ತಿದ್ದರು. ಈ ತಾಯಿ ಮರೆಯಲಿಲ್ಲ. ಹಳ್ಳಿಯಲ್ಲಿ ಅಕ್ಕೋರು ಹೇಳಿದ ಮಾತನ್ನು ದೇವರ ಮಾತೆಂದು ತಿಳಿದು ಬೆಳೆದವಳು ಅವಳು.

ಜೂನಿನಲ್ಲಿ ಹುಡುಗ ಕ್ಲಾಸಿಗೆ ಬಂದ. ಶಾಂತ ಹುಡುಗ, ಹೇಳಿದ ಕಡೆ ಕೂರುತ್ತಿದ್ದ. ಚಿತ್ರ ತೋರಿಸಿದರೆ ಡಾಗ್, ಟ್ರೀ, ಬಸ್ ಎಂದು ಥಟ್ಟನೆ ಹೇಳುತ್ತಿದ್ದ. ನಾನು ಖುಷಿಪಟ್ಟೆ. ಅಕ್ಕೋರು ಮಾತ್ರ ಅವನನ್ನು ಆಗಾಗ ಓರೆಯಾಗಿ ನೋಡುತ್ತಿದ್ದರು. ಕಥೆ ಹೇಳುವ ಹೊತ್ತಿನಲ್ಲಿ, "ಆಮ್ಯಾಲ ನಾಯಿ ಏನ್ ಮಾಡ್ತು, ಸಾಹೇಬ್ರ?" ಎಂದು ಕೇಳಿದರೆ ಅವನು "ಡಾಗ್" ಎಂದು ಸುಮ್ಮನಾಗುತ್ತಿದ್ದ. ನಾಯಿಗೆ ಹೆಸರಿತ್ತು, ಮುಂದಿನದು ಇರಲಿಲ್ಲ. ಕಿಟಕಿಯಲ್ಲಿ ಪಾರಿವಾಳ ಬಂದು ಕೂತರೆ "ಪಿಜನ್" ಎನ್ನುತ್ತಿದ್ದ. ಅದು ಎಲ್ಲಿಂದ ಬಂತೆಂದು ಈಗ ಅವನಿಗೆ ಗೊತ್ತಿರಲಿಲ್ಲ.

"ಇವನ ಕಥಿ ಎಲ್ಲಿ ಹೋದವು?" ಎಂದರು ಅಕ್ಕೋರು ಒಂದು ದಿನ. ಅವತ್ತು ಸಂಜೆಯೇ ಹೇಳದೆ ಕೇಳದೆ ಅವರ ಮನೆಗೆ ಹೋದೆವು. ಬಾಗಿಲು ಈ ಸಲ ಮುಚ್ಚಿತ್ತು. ಟೀವಿಯಲ್ಲಿ ಇಂಗ್ಲಿಷ್ ಹಾಡು ಕೇಳುತ್ತಿತ್ತು, ಅದರ ನಡುವೆ ಬಿಡಿಬಿಡಿಯಾಗಿ ಅವಳ ದನಿ. "ಈಟ್. ಓಪನ್. ಗುಡ್ ಬಾಯ್. ಈಟ್." ಆಮೇಲೆ ಏನೂ ಇಲ್ಲ. ಅಕ್ಕೋರು ಬೆಲ್ ಮೇಲೆ ಬೆರಳಿಟ್ಟು ಒತ್ತದೆ ನಿಂತದ್ದನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿ.

ಬಾಗಿಲು ತೆಗೆದವಳ ಮುಖದಲ್ಲಿ ಸಂತೋಷವೋ ಸಂತೋಷ. "ಕಮ್ ಟೀಚರ್, ಸಿಟ್. ವಾಟರ್?" ಎಂದಳು. ಅಕ್ಕೋರು ಕನ್ನಡದಲ್ಲಿ ಏನೋ ಹೇಳಹೋದರೆ ಅವಳು ತುಟಿಯ ಮೇಲೆ ಬೆರಳಿಟ್ಟು, ಕಣ್ಣಿನಿಂದ ಮಗನನ್ನು ತೋರಿಸಿದಳು. ನಮ್ಮನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಸಿಂಕಿನ ನಲ್ಲಿ ತಿರುಗಿಸಿದಳು. ನೀರಿನ ಸದ್ದು ಜೋರಾದ ಮೇಲೆ ಸಣ್ಣ ದನಿಯಲ್ಲಿ, ತನ್ನ ಊರಿನ ಕನ್ನಡದಲ್ಲಿ ಹೇಳಿದಳು: "ನೀವು ಹೇಳಿದಂದಿನಿಂದ ಅವನ ಮುಂದ ಕನ್ನಡ ತಗದಿಲ್ರಿ, ಅಕ್ಕೋರ. ನಮ್ಮವ್ವನ ಜೋಡಿ ಫೋನ್‌ದಾಗ ಮಾತಾಡೂದಿದ್ರ ಇಲ್ಲೇ ಬಂದು, ಹಿಂಗ ನಳ ಬಿಟ್ಟು ಮಾತಾಡ್ತೀನಿ. ಅವನಿಗೆ ಒಂದಕ್ಷರ ಕೇಳಸೂದಿಲ್ಲ."

ನೀರು ಹರಿಯುತ್ತಿತ್ತು. ನೀರಿಗಾಗಿ ನನ್ನನ್ನು ಹಿಡಿದು ಝಾಡಿಸುವ ಅಕ್ಕೋರು ಅವತ್ತು ಏನೂ ಅನ್ನಲಿಲ್ಲ.

"ನನ್ನಿಂದ ತಪ್ಪಾಗೈತಿ ತಂಗಿ. ನಾ ಹೇಳಿದ್ದು ತಪ್ಪು. ಇವತ್ತಿನಿಂದ ಮೊದಲಿನಂಗ ಮಾತಾಡು, ಎಷ್ಟ್ ಬೇಕಷ್ಟು ಮಾತಾಡು" ಎಂದರು.

ಅವಳ ಮುಖ ಸಣ್ಣದಾಯಿತು. "ನಂದು ಇಂಗ್ಲಿಷ್ ಅಷ್ಟು ಕೆಟ್ಟ ಐತೇನ್ರಿ?" ಎಂದು ಕೇಳಿದಳು.

ಅಕ್ಕೋರು ಎಷ್ಟು ಹೇಳಿದರೂ ಅವಳಿಗೆ ಅದು ಹಾಗೇ ಕೇಳಿಸಿತು. ಟೀಚರ್ ನನ್ನ ಕೈ ಬಿಟ್ಟರು, ಇವಳಿಂದ ಆಗುವುದಿಲ್ಲ ಎಂದು ತೀರ್ಮಾನ ಮಾಡಿದರು ಎಂದೇ ತಿಳಿದಳು. ಮರುದಿನ ಗಂಡನಿಗೆ ಹೇಳಿ ಇಂಗ್ಲಿಷ್ ಕಲಿಸುವ ಕ್ಲಾಸಿಗೆ ಹೆಸರು ಹಚ್ಚಿದಳು. ಮುಂದಿನ ವರ್ಷ ಹುಡುಗನಿಗೆ ದೊಡ್ಡ ಶಾಲೆಯಲ್ಲಿ ಸೀಟು ಸಿಕ್ಕೇಬಿಟ್ಟಿತು. ಬಣ್ಣ, ಹಣ್ಣು, ಗಾಡಿ ಎಲ್ಲ ಸರಿಯಾಗಿ ಹೇಳಿದನಂತೆ. ಅಪ್ಪ ಪೇಡೆ ಡಬ್ಬಿ ಹಿಡಿದುಕೊಂಡು ಬಂದು ಅಕ್ಕೋರ ಕಾಲು ಮುಟ್ಟಿದ. ಅವರು ಒಂದು ಪೇಡೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ತಿನ್ನಲಿಲ್ಲ. ಇನ್ನು ಅವರ ಮಾತು ಯಾರು ಕೇಳಬೇಕು? ಹೇಳಿದ ತಪ್ಪು ಮಾತಿಗೆ ಫಲ ಸಿಕ್ಕಿ ಅದು ಸರಿಯಾಗಿ ಹೋಗಿತ್ತು.

ಅಲ್ಲಿಂದ ಅಕ್ಕೋರು ಬದಲಾದರು. "ಇಂಗ್ಲಿಷ್ ಓನ್ಲಿ" ಎಂದು ಪಾಲಕರಿಗೆ ಕಾಣಲೆಂದು ಗೋಡೆಗೆ ಹಚ್ಚಿದ್ದ ಬೋರ್ಡನ್ನು ತಾವೇ ಸ್ಟೂಲ್ ಹತ್ತಿ ಕಿತ್ತರು. ಅದನ್ನು ಬಣ್ಣದ ಕಾಗದ ಕತ್ತರಿಸಿ ಮಾಡಿದವಳು ನಾನು. ಶನಿವಾರ ಕ್ಲಾಸಿನಲ್ಲಿ ಪಾಠ ಇಲ್ಲ ಎಂದರು. ಅವತ್ತು ಯಾರದಾದರೂ ತಾಯಿ, ಅಜ್ಜಿ ಬಂದು ಮಕ್ಕಳ ನಡುವೆ ಕೂತು ಮನೆಯ ಕೆಲಸವನ್ನೇ ಮಾಡಬೇಕು. ಬಟಾಣಿ ಸುಲಿಯಲಿ, ಮೆಂತ್ಯ ಸೋಸಲಿ, ತಮ್ಮ ಭಾಷೆಯಲ್ಲಿ ಬಾಯಿಗೆ ಬಂದದ್ದು ಮಾತಾಡಲಿ. ಒಮ್ಮೆ ನಮ್ಮಮ್ಮನನ್ನೇ ಎಳೆದು ತಂದರು. "ಮೈ ಕ್ಯಾ ಪಢಾತೂಂ ಗೆ? ಮಂಜೆ ಬಾತಾಂಚ್ ಆತೆ" ಎಂದು ಅಮ್ಮ ನಮ್ಮ ದಖನಿಯಲ್ಲಿ ಗೋಗರೆದಳು, ನನಗೆ ಬರುವುದು ಬರೀ ಮಾತು, ನಾನೇನು ಕಲಿಸಲಿ ಎಂದು. "ಅದ ಬೇಕಾಗೇತಿ ಬಾ" ಎಂದರು ಅಕ್ಕೋರು. ಅಮ್ಮ ತಾನು ಚಿಕ್ಕವಳಿದ್ದಾಗ ಕಳೆದುಹೋದ ಕೋಳಿಯೊಂದನ್ನು ಹುಡುಕಿದ ಕಥೆ ಹೇಳಿದಳು. ದಖನಿ ಬಾರದ ಮಕ್ಕಳೂ ನಗಬೇಕಾದ ಕಡೆಯೇ ನಕ್ಕರು. ಸೋಮವಾರ ಒಬ್ಬ ಹುಡುಗಿ ಒಂದು ಹಾಳೆ ತುಂಬ ಸೊಟ್ಟ ಸೊಟ್ಟ ಗೆರೆ ಎಳೆದುಕೊಂಡು ಬಂದು, ಆ ಗೆರೆಗಳ ಮೇಲೆ ಬೆರಳು ಓಡಿಸುತ್ತ ಕೋಳಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂದೂ ಅಕ್ಷರ ಇಲ್ಲದ ಹಾಳೆ. "ನೋಡ, ಓದೂದು ಬಂತು ಈಕಿಗೆ. ಅಕ್ಷರ ಏನು, ನಾಳೆ ಬರ್ತಾವ" ಎಂದರು ಅಕ್ಕೋರು. ಹೇಳಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವರು ಆಗ ಯಾರನ್ನು ನೆನೆದರೆಂದು ನನಗೆ ಗೊತ್ತಿತ್ತು.

ಕೆಲವು ಪಾಲಕರು ಇದೆಂಥ ಬಟಾಣಿ ಸುಲಿಯುವ ಕ್ಲಾಸು ಎಂದು ಪಕ್ಕದ ಗಲ್ಲಿಯ ಏಸಿ ಪ್ಲೇಸ್ಕೂಲಿಗೆ ಹೋದರು. ಅಕ್ಕೋರು ಹೋಗಲಿ ಬಿಡು ಎಂದರು. ಅವರಿಗೆ ಬೇಕಿದ್ದದ್ದು ಒಬ್ಬಳೇ. ಪ್ರತಿ ವರ್ಷ ಸಮರ್ಥನ ತಾಯಿಗೆ ಶನಿವಾರ ಬಾ ಎಂದು ಹೇಳಿ ಕಳಿಸುತ್ತಿದ್ದರು. ಅವಳು ಬರಲಿಲ್ಲ. ತರಕಾರಿಯ ಬಾಜಿ ಮಾರ್ಕೆಟ್ಟಿನಲ್ಲಿ ಅವಳು ಕಂಡರೆ ಅಕ್ಕೋರು ದಾರಿ ಬದಲಿಸಿಕೊಂಡು ಹೋಗಿ ಕನ್ನಡದಲ್ಲಿ ಮಾತಾಡಿಸುತ್ತಿದ್ದರು. ಅವಳು ಪ್ರತಿ ಸಲವೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು, ಹಿಂದಿನ ಸಲಕ್ಕಿಂತ ಉದ್ದದ ವಾಕ್ಯ. ತಾನು ಕಲಿತದ್ದನ್ನು ಟೀಚರಿಗೆ ಒಪ್ಪಿಸುತ್ತಿದ್ದಳು.

ಒಂದು ಸಲ ಮಗನೂ ಜೊತೆಗಿದ್ದ, ಆಗ ಅವನು ಎತ್ತರ ಬೆಳೆಯುತ್ತಿದ್ದ ಹುಡುಗ. ತಾಯಿ ಬಾಜಿಯವನ ಹತ್ತಿರ ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲ ಸೇರಿಸಿ ಏನೋ ಕೇಳುತ್ತಿದ್ದಳು. ಹುಡುಗ ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದ, "ಮಮ್ಮಾ, ಯು ಕೀಪ್ ಕ್ವಾಯೆಟ್. ಐ ವಿಲ್ ಟಾಕ್." ಅವಳು ಸುಮ್ಮನಾದಳು. ಬೇಜಾರೇನೂ ಇಲ್ಲದೆ, ಹೆಮ್ಮೆಯಿಂದಲೇ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಅಕ್ಕೋರು ನನ್ನ ತೋಳು ಹಿಡಿದುಕೊಂಡು ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಸುಮ್ಮನಿರ್ರಿ ಅಂದವಳು ನಾನು. ಈಗ ಅವ ಅನ್ನಾಕತ್ಯಾನ" ಎಂದರು. ಆ ದಿನ ತರಕಾರಿ ತರಲಿಲ್ಲ.

ಕೊನೆಯ ತಿಂಗಳುಗಳಲ್ಲಿ ಅವರಿಗೆ ಕ್ಲಾಸಿಗೆ ಬರಲು ಆಗುತ್ತಿರಲಿಲ್ಲ. ಒಳಕೋಣೆಯಲ್ಲಿ ಮಲಗಿಕೊಂಡೇ ಮಕ್ಕಳ ಗದ್ದಲ ಕೇಳುತ್ತಿದ್ದರು, ಕ್ಲಾಸು ಸದ್ದಿಲ್ಲದಾದರೆ "ಏನಾತ?" ಎಂದು ಕರೆಯುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂಡಿಸಿಕೊಂಡು ಹೇಳಿದರು: "ಸಮರ್ಥನ ಅವ್ವಗ ನೀ ಹೇಳ. ತಪ್ಪಿದ್ದು ನನ್ನ ಮಾತು, ಆಕಿ ಇಂಗ್ಲಿಷ್ ಅಲ್ಲ ಅಂತ ಹೇಳ. ನಾ ಹೇಳಿದ್ರ ಆಕಿ ಥ್ಯಾಂಕ್ಯೂ ಟೀಚರ್ ಅಂತಾಳ, ನನಗ ತಡಕೋಳಾಕ ಆಗೂದಿಲ್ಲ." ಹೇಳುತ್ತೇನೆ ಎಂದೆ. ಆಮೇಲೆ ಅವಳು ಸ್ಟೇಷನ್ನಿನ ಬ್ರಿಜ್ ಮೇಲೆ ಸಿಕ್ಕಿದ್ದಳು, ಮೆಡಿಕಲ್ ಸ್ಟೋರಿನಲ್ಲೂ ಸಿಕ್ಕಿದ್ದಳು. ನಾನು ನಕ್ಕು ಮುಂದೆ ಹೋದೆ. ಇಷ್ಟು ವರ್ಷ ಒಬ್ಬ ತಾಯಿ ಹಲ್ಲು ಕಚ್ಚಿ ನಡೆಸಿದ್ದನ್ನು ದಾರಿಯಲ್ಲಿ ನಿಲ್ಲಿಸಿ, ಅದು ಬೇಕಿರಲಿಲ್ಲ ಎಂದು ಹೇಗೆ ಹೇಳುವುದು?

ಶೋಕಸಭೆ ಕ್ಲಾಸಿನ ಹಾಲಿನಲ್ಲೇ ಆಯಿತು. ದೊಡ್ಡವರೆಲ್ಲ ಮಕ್ಕಳ ಚಿಕ್ಕ ಕುರ್ಚಿಗಳ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ನಾನು ಒಳ್ಳೆಯ ಮಾತುಗಳನ್ನಷ್ಟೇ ಹೇಳಿದೆ. ನನ್ನ ನಂತರ ಸಮರ್ಥನ ತಾಯಿ ಎದ್ದಳು. ಮಗ ಈಗ ಹೈಸ್ಕೂಲಿನ ಹುಡುಗ, ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವಳ ಸೊಂಟದಲ್ಲಿ ತಡವಾಗಿ ಹುಟ್ಟಿದ ಹೆಣ್ಣು ಮಗು, ಇನ್ನೂ ಎರಡು ತುಂಬಿರಲಿಕ್ಕಿಲ್ಲ. ಅವಳು ಕಲಿತುಕೊಂಡು ಬಂದ ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ ಹೇಳಿದಳು: ಟೀಚರ್ ನನಗೊಂದು ಮಾತು ಹೇಳಿದ್ದರು, ನಾನು ಕೇಳಿದೆ, ನನ್ನ ಮಗ ಇವತ್ತು ಕ್ಲಾಸಿಗೆ ಮೊದಲು. ಜನ ತಲೆದೂಗಿದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋದ ಕಡೆ ನೋಡಲು ನನ್ನಿಂದ ಆಗಲಿಲ್ಲ.

ಎಲ್ಲರಿಗೂ ಚಹಾ ಕೊಟ್ಟಾದ ಮೇಲೆ ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ಅವಳು ಮಗುವನ್ನೆತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದಳು. ನಲ್ಲಿ ಹರಿಯುವುದನ್ನು ನೋಡಿದಳು. ಸೊಂಟದಲ್ಲಿ ಮಗು ಇದ್ದರೂ ಅಷ್ಟಕ್ಕೇ ಅವಳ ದನಿ ಇಳಿಯಿತು, ಭಾಷೆ ಬದಲಾಯಿತು. "ಈಕೀನೂ ನಿಮ್ಮ ಕಡೇನ ಹಾಕ್ತೀನ್ರಿ. ಟೀಚರ್ ಇಲ್ಲಂದ್ರೂ ಅವರ ನಿಯಮ ಐತೆಲ್ಲ. ಮನ್ಯಾಗ ಈಕಿ ಮುಂದೂ ಕನ್ನಡ ತಗದಿಲ್ಲ."

ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎನ್ನಿಸಿತು. "ಅಕ್ಕೋರು ನಿಮಗೊಂದು ಮಾತು ಹೇಳಂದಿದ್ರು. ಅವರು ಅವತ್ತು ಹೇಳಿದ್ದು ತಪ್ಪಿತ್ತಂತ, ನೀವು ಮಾಡಿದ್ದಲ್ಲ. ಭಾಳ ನೊಂದಕೊಂಡಿದ್ರು" ಎಂದೆ.

ಅವಳು ನನ್ನನ್ನೇ ನೋಡಿದಳು. "ಅಂದ್ರ, ನಾ ಸುಮ್ಮನಿದ್ದದ್ದು?"

ಕೊನೆಯ ಲೋಟ ಬೋರಲು ಹಾಕಿದೆ. ಕೈ ತನ್ನ ಪಾಡಿಗೆ ಹೋಗಿ ನಲ್ಲಿ ಬಂದ್ ಮಾಡಿತು.

ಅಡುಗೆಮನೆ ಒಮ್ಮೆಲೇ ಸದ್ದಿಲ್ಲದಾಯಿತು. ಅವಳು ಬಾಯಿ ಮುಚ್ಚಿದಳು. ಮಗುವನ್ನು ನೋಡಿ, ಸೆರಗು ಸರಿ ಮಾಡಿಕೊಂಡು, "ಕಮ್ ಬೇಬಿ. ಹೋಮ್. ಸೇ ಬೈ ಬೈ" ಎಂದಳು. ಮಗು ಏನೂ ಹೇಳಲಿಲ್ಲ. ಅವಳು ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

ನಾನು ನಲ್ಲಿಯನ್ನು ಮತ್ತೆ ತಿರುಗಿಸಿದೆ, ಪೂರ್ತಿ. ಸಿಂಕಿನಲ್ಲಿ ತೊಳೆಯಲು ಏನೂ ಉಳಿದಿರಲಿಲ್ಲ. "ಹೀರೀಕಾಯಿ ಸಿಪ್ಪಿ ಚಟ್ನಿಗೆ ಮೊದಲ ಏನ್ ಮಾಡ್ತೀರಿ?" ಎಂದು ಕೇಳಿದೆ.

ಅವಳು ಹರಿಯುವ ನೀರನ್ನು ನೋಡಿದಳು, ಆಮೇಲೆ ನನ್ನನ್ನು. ಕಣ್ಣು ತುಂಬಿದ್ದವು, ಸಿಟ್ಟಿಗೋ ದುಃಖಕ್ಕೋ ನನಗೆ ತಿಳಿಯಲಿಲ್ಲ. "ಮೊದಲ ಹುರೀಬೇಕು" ಎಂದಳು. "ಕರ್ರಗಾಗಬಾರದು. ಆಮ್ಯಾಲ..." ಎಂದು ನಿಲ್ಲಿಸಿ, ಮತ್ತೆ ಶುರು ಮಾಡಿದಳು. ಮಗು ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಅವಳ ಬಾಯಿಯನ್ನೇ ನೋಡತೊಡಗಿತು. ಅಕ್ಕೋರ ಮನೆಯ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ನಾನು ಕೈ ಕಟ್ಟಿಕೊಂಡು ನಿಂತೆ.